ಏಳು ಸುತ್ತು ದಾರ

ಆ ಕಾರು ನನ್ನ ಕೈಗೆ ಸಿಕ್ಕ ದಿನ ಕಡುಗಣ್ಣಾವದ ಏರಿನ ನಟ್ಟನಡುವೆ ಅದನ್ನ ನಿಲ್ಲಿಸ್ತೀನಿ, ನೋಡ್ತಿರು ಅಪ್ಪಚ್ಚಿ, ಎಂದು ಶ್ರಿಯಾಣಿ ತನ್ನ ತಂದೆಗೆ ಮಾತು ಕೊಟ್ಟಾಗ ಅವಳಿಗೆ ಹನ್ನೆರಡು ವರ್ಷ. ಬಾಯಿ ತುಂಬ ಬಾಳೆಹಣ್ಣಿತ್ತು. ಬೇಡ ಬೇಡ ಎಂದು ಬೆಳಗಿನಿಂದ ಮುಖ ತಿರುಗಿಸಿಕೊಂಡಿದ್ದವಳು ಸಂಜೆಯ ಹೊತ್ತಿಗೆ ಹಸಿವು ತಾಳದೆ ಮೊದಲನೆಯದನ್ನು ಸುಲಿದಿದ್ದಳು, ಅದು ಮುಗಿಯುವ ಮೊದಲೇ ಎರಡನೆಯದಕ್ಕೆ ಕೈ ಹಾಕಿದ್ದಳು. ಅಪ್ಪಚ್ಚಿ ನಕ್ಕಿದ್ದ. ಕೇಗಲ್ಲದ ಬಸ್ ನಿಲ್ದಾಣದ ಹಿಂದೆ ಹಳೆ ಕಾರುಗಳ ಮೀಟರು ರಿಪೇರಿ ಮಾಡುತ್ತಿದ್ದ ಪುಂಚಿರಾಳ ಬಾಸ್, ಅಂದರೆ ಪುಂಚಿರಾಳ ಮೇಸ್ತ್ರಿ, ನಗುವುದೇ ಅಪರೂಪ. "ಮೊದ್ಲು ಬೆಸುಗೆ ಕಡ್ಡಿ ನೆಟ್ಟಗೆ ಹಿಡಿಯೋದು ಕಲಿ ಮಗಳೇ. ಈಗ ತಿನ್ನು. ಇದರ ಲೆಕ್ಕ ಚುಕ್ತಾ ಆಗಿದೆ," ಅಂದಿದ್ದ. ಚುಕ್ತಾ ಎಂಬ ಆ ಮಾತಿಗಾಗಿ ಅವಳು ಅವನನ್ನು ಕ್ಷಮಿಸಲೇ ಇಲ್ಲ.

ಈಗ ಇಪ್ಪತ್ತೇಳು ವರ್ಷದ ಮೇಲೆ ಅದೇ ಕಾರಿನೊಳಗೆ ಅವಳು ಅಂಗಾತ ಮಲಗಿದ್ದಾಳೆ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಸೊಂಟ ಸೀಟಿನ ಅಂಚಿನ ಮೇಲೆ, ಕಾಲುಗಳು ತೆರೆದ ಬಾಗಿಲಿನಿಂದ ಹೊರಗೆ. ಮೊಸರಿನ ಬಣ್ಣದ ಆಸ್ಟಿನ್ ಕೇಂಬ್ರಿಜ್, ನಂಬರು ಐದು ಶ್ರೀ ಎರಡು ಸಾವಿರದ ಒಂಬೈನೂರ ಹದಿನಾಲ್ಕು. ಈ ನಂಬರನ್ನು ಅವಳು ಬಸವಳಿದ ಎಷ್ಟೋ ದಿನ ಜಪದ ಹಾಗೆ ಹೇಳಿಕೊಂಡದ್ದುಂಟು. ತನ್ನ ಕಾಲುಗಳಿಂದ ನಾಲ್ಕು ಮಾರು ದೂರದಲ್ಲಿ, ಬಂಗಲೆಯ ಪೋರ್ಟಿಕೋದ ಬೆತ್ತದ ಕುರ್ಚಿಯಲ್ಲಿ ಕಾರಿನ ಒಡೆಯ ಮೀಗಸ್ತೆನ್ನ ಮಹತ್ತಯಾ ಕೂತಿದ್ದಾರೆಂದು ಅವಳಿಗೆ ನೋಡದೆಯೂ ಗೊತ್ತು. ಆಗ ಐವತ್ತರ ಗಟ್ಟಿ ಆಳು, ಈಗ ಎಪ್ಪತ್ತೇಳು. ಆಗ ಗತ್ತಿಗೆ ಹಿಡಿಯುತ್ತಿದ್ದ, ಈಗ ಊರುಗೋಲಾದ ಕೋಲಿನ ತುದಿಯನ್ನು ಸಿಮೆಂಟಿಗೆ ಟಕ್ ಟಕ್ ಎಂದು ಕುಟ್ಟುತ್ತಾರೆ. ಒಳಗೆ ಹತ್ತುವ ಮೊದಲು ಚಪ್ಪಲಿ ಬಿಡಿಸಿದ್ದರು. ತನ್ನ ಹಿಮ್ಮಡಿಯ ಬಿರುಕುಗಳು ಅವರ ಮುಖಕ್ಕೆ ನೇರವಾಗಿವೆ ಎಂಬುದು ನೆನಪಾಗಿ ಕಾಲು ಮಡಚಿಕೊಳ್ಳಬೇಕೆನ್ನಿಸಿತು. ಮಡಚಿಕೊಂಡರೆ ನಾಚಿದಂತಾಗುತ್ತದೆಂದು ಇನ್ನಷ್ಟು ಚಾಚಿದಳು. ನೋಡಲಿ. ಕುಪ್ಪಸದೊಳಗಿನ ಪುಟ್ಟ ಪರ್ಸಿನಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ರೆಸಿಸ್ಟರ್ ಒಂದು ಕಾಗದ ಸುತ್ತಿಕೊಂಡು ಕೂತಿತ್ತು. ಬಿಸಿಯ ಮೀಟರಿನ ವೈರಿಗೆ ಅದನ್ನು ನಡುವೆ ಸೇರಿಸಿ ಬೆಸೆದರೆ ಮುಗಿಯಿತು, ಎಂಜಿನು ಕುದಿದು ಸಿಡಿಯಲಿ, ಮುಳ್ಳು ಮಾತ್ರ ನಡುಮಧ್ಯದಲ್ಲಿ ಸಾಧುವಿನಂತೆ ನಿಂತಿರುತ್ತದೆ. ಕಾರು ಕಾಯುತ್ತದೆಂದೇ, ಅಪ್ಪಚ್ಚಿಯ ಕೆಲಸ ಮುಂದುವರಿಸಿದ್ದ ಅವಳನ್ನು ಕರೆಸಿದ್ದರು. ಗುರುವಾರ ಮದುವೆ. ಮಹತ್ತಯಾರ ಮೊಮ್ಮಗಳನ್ನು ಕೂರಿಸಿಕೊಂಡು ಇದೇ ಕಾರು ಕಡುಗಣ್ಣಾವ ಏರಿ ಪೇರಾದೆಣಿಯಕ್ಕೆ ಹೋಗಬೇಕು. ಒಂಬತ್ತು ಗಂಟೆ ನಲವತ್ತೆರಡು ನಿಮಿಷದ ನೆಕತ್ತಿಗೆ ಹುಡುಗಿ ಮಂಟಪ ಹತ್ತಬೇಕು. ಜೋಯಿಸರು ಇಟ್ಟ ಆ ಮುಹೂರ್ತ ತಪ್ಪಿದರೆ ಈ ಮನೆಯವರಿಗೆ ಮದುವೆ ತಪ್ಪಿದಂತೆಯೇ.

"ಸ್ಟಾರ್ಟ್ ಮಾಡಿ ಅಯ್ಯಾ," ಅಂದಳು.

ಡ್ರೈವರ್ ಹೀನ್‌ಬಂಡ ಚಾವಿ ತಿರುಗಿಸಿದ. ಅರವತ್ತರ ಹತ್ತಿರದ ಬಡಕಲು ಮನುಷ್ಯ, ಈ ಮನೆಯ ಐದನೆಯ ಡ್ರೈವರು. ಎಂಜಿನು ಕಾಲು ಗಂಟೆ ಓಡಿ ಹದವಾಗಿ ಕಾಯುತ್ತಿದ್ದ ಹಾಗೆ ಬಿಸಿಯ ಮುಳ್ಳು ನಡು ದಾಟಿತು, ದಾಟಿ ನಿಲ್ಲದೆ ಕೆಂಪು ಗೆರೆಯ ಕಡೆ ನಡೆಯಿತು.

"ನೋಡಿ, ಶುರು ಆಯ್ತು ಇದರ ಜ್ವರ," ಅಂದ ಹೀನ್‌ಬಂಡ. "ನನ್ನ ಹಿಂದಿನ ನಾಲ್ಕು ಜನ ಈ ಮುಳ್ಳಿನಿಂದ್ಲೇ ಮನೆಗೆ ಹೋದ್ರು ಅಕ್ಕಾ. ಕಾರು ಕಾಯಿಸಿದ್ರು ಅಂತ. ಎರಡು ರೇಡಿಯೇಟರ್ ಹಾಕ್ಸಿದ್ದಾರೆ, ವಾಟರ್ ಪಂಪು, ಇನ್ನೇನೇನೋ. ಇದಕ್ಕೆ ಹುಟ್ಟಿನಿಂದ್ಲೇ ಪಿತ್ತ."

"ಪೆಟ್ರೋಲ್ ಮುಳ್ಳು?"

"ಅದು ನಮ್ಮ ಮಾವನ ಜಾತಿ. ಜೇಬಲ್ಲಿ ಅರ್ಧ ಇದ್ರೆ ತುಂಬಿದೆ ಅನ್ನುತ್ತೆ. ನಾನು ಕಡ್ಡಿ ಇಳಿಸಿ ನೋಡಿಯೇ ಹೊರಡೋದು." ಸೀಟಿನ ಕೆಳಗಿಂದ ತೆಂಗಿನ ಗರಿಯ ಉದ್ದ ಕಡ್ಡಿ ತೆಗೆದು ತೋರಿಸಿದ. ಅದರ ಮೇಲೆ ಬ್ಲೇಡಿನಿಂದ ಗೀರಿದ ಗುರುತುಗಳಿದ್ದವು.

"ಮಾತು ಕಡಿಮೆ ಮಾಡು ಹೀನ್‌ಬಂಡ," ಅಂದಿತು ಕುರ್ಚಿ. "ಕೆಲಸದವರನ್ನ ಮಾತಿಗೆಳೆದ್ರೆ ಕೈ ಬೇರೆ ಕಡೆ ಹೋಗುತ್ತೆ."

ಕೈ ಬೇರೆ ಕಡೆ ಹೋಗುತ್ತೆ. ಆಗಲೂ ಹೀಗೆಯೇ ಎಂದಿದ್ದರೇ? ಅವಳು ಆಗ ಇದೇ ಬಾಗಿಲಿನ ಹತ್ತಿರ ದೀಪ ಹಿಡಿದು ನಿಂತಿದ್ದಳು, ಅಪ್ಪಚ್ಚಿ ಈಗ ಅವಳಿರುವಂತೆಯೇ ಮಲಗಿದ್ದ. ಕೆಲಸ ಅರ್ಧವಾಗಿತ್ತು, ಅಪ್ಪ ಮಗಳು ಊಟಕ್ಕೆ ಹೊರಟಿದ್ದರು. ಕಾರಿನ ಗೂಡಿನಲ್ಲಿಟ್ಟಿದ್ದ ಬೆಳ್ಳಿಯ ಸಿಗರೇಟ್ ಲೈಟರ್ ಕಾಣುತ್ತಿಲ್ಲ ಎಂದರು ಮಹತ್ತಯಾ. ದನಿ ಏರಿಸಲಿಲ್ಲ, ಬೈಯಲಿಲ್ಲ, ಅದೇ ಇಂದಿಗೂ ಉರಿಯುವುದು. ಹವೆ ಹೇಗಿದೆ ಎಂದು ಕೇಳುವ ದನಿಯಲ್ಲಿ "ಶರ್ಟು ಬಿಚ್ಚು ಬಾಸ್" ಎಂದರು. ಅಪ್ಪಚ್ಚಿ ಬಿಚ್ಚಿದ. ಮೊಳಕಾಲೂರು ಎಂದರು. ಊರಿದ. ಅವನ ಬೆನ್ನಿನ ಮೇಲೆ ಬನಿಯನ್ನು ಇರಲಿಲ್ಲ, ಇದ್ದ ಒಂದೇ ಬನಿಯನ್ನನ್ನು ಅವಳ ಅಮ್ಮ ಆ ಬೆಳಿಗ್ಗೆ ಒಗೆದು ಹಾಕಿದ್ದಳು. ಬಿಳಿ ಸೀರೆಯ ಹಾಮಿನೇ, ಮಹತ್ತಯಾರ ಹೆಂಡತಿ, ಜಗಲಿಯ ಕಂಬದ ಪಕ್ಕ ನಿಂತು ನೋಡಿದರು, ಆಮೇಲೆ ಹೂವಿನ ಕುಂಡಗಳ ಕಡೆ ತಿರುಗಿ ಒಂದು ಒಣ ಎಲೆ ಕಿತ್ತರು. ಆ ಎಲೆ ಕಿತ್ತ ಬೆರಳು ಈಗಲೂ ಕಣ್ಣಿಗೆ ಕಟ್ಟಿದೆ. ಮರುದಿನ ಲೈಟರ್ ಅವರದೇ ಇನ್ನೊಂದು ಕೋಟಿನ ಜೇಬಿನಲ್ಲಿ ಸಿಕ್ಕಿತು. ಕ್ಷಮಿಸು ಎಂಬ ಮಾತಿನ ಬದಲು ಡ್ರೈವರನ ಕೈಯಲ್ಲಿ ಒಂದು ಗೊನೆ ಕೋಲಿಕುಟ್ಟು ಬಾಳೆ ಬಂತು, ಜೊತೆಗೆ ಉಳಿದ ಕೆಲಸ ಮುಗಿಸಿ ಹೋಗುವಂತೆ ಅಪ್ಪಣೆ. ಮತ್ತು ಅಪ್ಪಚ್ಚಿ ಹೋದ. ಅಂದೇ ಹೋದ, ಶರ್ಟಿನ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು, ಒಬ್ಬನೇ. ನೀನು ಬೇಡ ಎಂದ. ಮರಳಿ ಬಂದು ಕೂತು ಬಾಳೆಹಣ್ಣು ತಿಂದ, ನಕ್ಕ. ಬೆನ್ನುಮೂಳೆ ಇಲ್ಲದವನು ಎಂದು ಅವಳು ತಿಂಗಳುಗಟ್ಟಲೆ ಅವನೊಡನೆ ಮಾತು ಬಿಟ್ಟಳು. ಆದರೆ ಹಣ್ಣನ್ನು ತಾನೂ ತಿಂದಿದ್ದಳಲ್ಲ. ಸಿಹಿಯಾಗಿತ್ತಲ್ಲ. ತಿರಸ್ಕಾರ ಯಾರ ಮೇಲೆ ಎಂದು ಹುಡುಕಿದಾಗಲೆಲ್ಲ ನಾಲಗೆಯ ಮೇಲೆ ಆ ಸಿಹಿಯೇ ಎದ್ದು ಬರುತ್ತಿತ್ತು.

ಹೊರಗೆ ಬಂದು ಬಾನೆಟ್ಟು ಎತ್ತಿ ನೋಡಿದಳು. ನೀರು ಕುದಿಯುತ್ತಿರಲಿಲ್ಲ, ಎಂಜಿನು ತನ್ನ ಪಾಡಿಗೆ ಆರೋಗ್ಯವಾಗಿ ಗುನುಗುತ್ತಿತ್ತು. ಎಂಜಿನಿನ ತಲೆಗೆ ತಿರುಚಿ ಕೂರಿಸಿದ, ಬಿಸಿ ಅಳೆಯುವ ಸೆಂಡರ್‌ನಿಂದ ವೈರು ಕಳಚಿದಳು, "ಮುಳ್ಳು ಎಲ್ಲಿ?" ಎಂದಳು. "ತಣ್ಣಗಾಯ್ತು ಅಕ್ಕಾ, ಮಲಗಿಬಿಡ್ತು," ಎಂದ ಹೀನ್‌ಬಂಡ. ವೈರು ಸರಿ. ಸೆಂಡರ್ ಅಳತೆಯೂ ಸರಿ. ಪೆಟ್ರೋಲ್ ಮುಳ್ಳು ಹೆಚ್ಚು ಹೇಳುತ್ತದೆ, ಬಿಸಿ ಮುಳ್ಳೂ ಹೆಚ್ಚು ಹೇಳುತ್ತದೆ. ಎರಡೂ ಒಟ್ಟಿಗೆ ಹೆಚ್ಚು ಹೇಳಿದರೆ ತಪ್ಪು ಎರಡರದೂ ಅಲ್ಲ, ಎರಡಕ್ಕೂ ಕರೆಂಟನ್ನು ಹದಮಾಡಿ ಬಡಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿಯದು. ಕೆಲಸ ಕಲಿಯುವ ಹುಡುಗಿಯೂ ಹೇಳಿಯಾಳು. ಆದರೆ ಈ ಮನೆಯವರು ಒಂದು ಮುಳ್ಳಿನ ಸುಳ್ಳಿಗೆ ನಕ್ಕರು, ಇನ್ನೊಂದರ ಸುಳ್ಳಿಗೆ ಹೆದರಿದರು. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಲಿಲ್ಲ. "ಡ್ಯಾಶ್‌ಬೋರ್ಡ್ ಯಾರೂ ಬಿಚ್ಚಲಿಲ್ವಾ ಇಷ್ಟು ವರ್ಷ?" ಎಂದು ಕೇಳಿದಳು. ಹೀನ್‌ಬಂಡ ದನಿ ತಗ್ಗಿಸಿ, "ಮಹತ್ತಯಾ ಬಿಡ್ತಿರ್ಲಿಲ್ಲ. ಹಿಂದೆ ಯಾವಾಗ್ಲೋ ಏನೋ ಕಳವಾಯ್ತಂತೆ," ಎಂದ.

ಮತ್ತೆ ಕೆಳಗೆ ತೂರಿದಳು. ಸ್ಕ್ರೂ ಬಿಚ್ಚಿ ಮೀಟರಿನ ತಟ್ಟೆಯನ್ನು ಒಂದಿಷ್ಟು ಮುಂದೆ ಎಳೆದು ಹಿಂದಕ್ಕೆ ಕೈ ತೂರಿಸಿ ಬೆರಳುಗಳಿಂದಲೇ ನೋಡಿದಳು. ಡಬ್ಬಿ. ಅದರ ಅಂಚು. ಅರ್ತ್ ವೈರು ಅಲ್ಲಿಂದ ಹೊರಟು ಕಾರಿನ ಮೈಗೆ ಸೇರಬೇಕು, ಸೇರದಿದ್ದರೆ ಡಬ್ಬಿ ಕರೆಂಟನ್ನು ಹದ ಮಾಡದೆ ಪೂರ್ತಿ ಬಡಿಸುತ್ತದೆ. ಬೆರಳು ವೈರಿನುದ್ದಕ್ಕೂ ನಡೆದು ಎರಡು ಅಂಗುಲದಲ್ಲಿ ನಿಂತಿತು. ಅಲ್ಲಿ ವೈರು ಮುಗಿದಿತ್ತು. ತುಕ್ಕು ಹಿಡಿದು ಕಡಿದದ್ದಲ್ಲ, ಇಲಿ ಕಡಿದದ್ದಲ್ಲ. ತುದಿಯನ್ನು ಮಡಚಿ ಅದರ ಮೇಲೆ ಏನನ್ನೋ ಸುತ್ತಿದ್ದರು. ದೀಪ ಒಳಗೆ ತೂರಿಸಿ ಕತ್ತು ತಿರುಚಿ ನೋಡಿದಳು. ಜೇನುಮೇಣ ತಿಕ್ಕಿದ ದಾರ. ಒಂದು, ಎರಡು, ಮೂರು. ಏಳು ಸುತ್ತು, ಕೊನೆಯ ಎಳೆ ಐದನೆಯ ಸುತ್ತಿನ ಅಡಿಯಲ್ಲಿ ತೂರಿಸಿ ಮುಚ್ಚಿದ್ದು. ಕೇಗಲ್ಲದಿಂದ ಕೊಲಂಬೋದ ತನಕ ವೈರಿಗೆ ಹೀಗೆ ದಾರ ಸುತ್ತುತ್ತಿದ್ದವನು ಒಬ್ಬನೇ, ಅವನಿಂದ ಕಲಿತವಳು ಇವಳೊಬ್ಬಳೇ. ಟೇಪು ಬಿಸಿಗೆ ಬಿಚ್ಚಿಕೊಳ್ಳುತ್ತೆ ಮಗಳೇ, ದಾರ ಮಾತ್ರ ನಮ್ಮ ನಂತರವೂ ಇರುತ್ತೆ, ಎನ್ನುತ್ತಿದ್ದ.

ಇದರ ಲೆಕ್ಕ ಚುಕ್ತಾ ಆಗಿದೆ.

ಎದೆಯಲ್ಲಿ ಎದ್ದದ್ದು ಖುಷಿಯೇ ಇರಬೇಕು, ಆದರೆ ಅದರ ಜೊತೆಯಲ್ಲೇ ಇನ್ನೊಂದು ಉರಿ. ಇಷ್ಟು ದಿನ ಅಪ್ಪಚ್ಚಿಯನ್ನು ಹೇಡಿ ಎಂದುಕೊಂಡು, ಸಾಯುವಾಗಲೂ ಅವನ ಕೈಯನ್ನು ಸುಮ್ಮನೆ ಕರ್ತವ್ಯಕ್ಕೆಂಬಂತೆ ಹಿಡಿದಿದ್ದಳಲ್ಲ! ಹೇಳಬಾರದಿತ್ತೇ? ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಮೊಳಕಾಲೂರಿದ ಮನುಷ್ಯ ಮರುದಿನವೇ ಅದೇ ಕಾರಿನೊಳಗೆ ಮಲಗಿ, ಅದೇ ಟಕ್ ಟಕ್ ಕೇಳುತ್ತ, ಒಂದು ವೈರು ಕತ್ತರಿಸಿ, ಅವಸರವಿಲ್ಲದೆ ಏಳು ಸುತ್ತು ಸುತ್ತಿ ಎದ್ದು ಬಂದಿದ್ದ. ಆಮೇಲೆ ಈ ಮನೆಯ ಯಜಮಾನ ನಾಲ್ಕು ಡ್ರೈವರುಗಳನ್ನು ಬೈದು ಕಳಿಸಿದ್ದ, ಪ್ರತಿ ಏರಿನಲ್ಲೂ ಬೆವರಿದ್ದ.

"ಈ ಕಾರಲ್ಲಿ ನಾನು ಏರು ಹತ್ತಿ ಮಹನುವರಕ್ಕೆ ಹೋಗಿ ಇಪ್ಪತ್ತೇಳು ವರ್ಷ ಆಯ್ತು," ಎಂದರು ಮಹತ್ತಯಾ ಇದ್ದಕ್ಕಿದ್ದ ಹಾಗೆ, ಯಾರಿಗೆಂದು ಗೊತ್ತಾಗದ ಹಾಗೆ. "ಹಾಮಿನೇಗೆ ಕಾಯಿಲೆ ಜೋರಾದಾಗ ಅಲ್ಲಿನ ದಂತಮಂದಿರದ ದರ್ಶನಕ್ಕೆ ಒಂದು ಸಲ ಕರ್ಕೊಂಡು ಹೋಗಿ ಅಂದಳು. ಬಾಡಿಗೆ ಕಾರು ಬೇಡ, ನಮ್ಮ ಕಾರಲ್ಲೇ ಅಂತ ಹಠ. ಕಡುಗಣ್ಣಾವದ ಬುಡದಲ್ಲೇ ಮುಳ್ಳು ಕೆಂಪಿಗೆ ಬಂತು. ಒಂದು ಗಂಟೆ ನಿಂತ್ವಿ, ಮತ್ತೆ ಹೊರಟ್ವಿ, ಮತ್ತೆ ಕೆಂಪು. ವಾಪಸ್ ತಿರುಗಿಸಿದೆ. ಹತ್ತು ದಿನಕ್ಕೆ ಹೋದಳು."

ಒಣ ಎಲೆ ಕಿತ್ತ ಬೆರಳು. ಒಳ್ಳೆಯದಾಯಿತು ಎಂದುಕೊಂಡಳು ಶ್ರಿಯಾಣಿ, ಎಂದುಕೊಂಡದ್ದು ತನಗೇ ಕೇಳಿಸಿ ಬೆಚ್ಚಿದಳು. ಅಪ್ಪಚ್ಚಿ ಇದನ್ನೂ ಸೇರಿಸಿ ಲೆಕ್ಕ ಹಾಕಿದ್ದನೇ? ಇರಲಿಕ್ಕಿಲ್ಲ. ಕತ್ತರಿ ಹಾಕುವವನಿಗೆ ಆ ವೈರಿನ ಇನ್ನೊಂದು ತುದಿ ಕಾಣುವುದಿಲ್ಲ.

ಬೆಲ್ಲದ ತುಂಡಿನೊಡನೆ ಕರಿ ಚಹಾ ತಂದದ್ದು ಮದುಮಗಳೇ, ಉಪೇಕ್ಷಾ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಾಗಿಲಿನಿಂದ ಒಳಗೆ ಇಣುಕಿದಳು. "ಅಕ್ಕಾ, ಏರು ಹತ್ತುತ್ತಾ ಇದು? ಎಲ್ಲರೂ ನಗ್ತಿದ್ದಾರೆ, ನೀನು ನೆಕತ್ತಿಗಲ್ಲ, ಸಂಜೆ ಊಟಕ್ಕೆ ಬರ್ತೀಯ ಅಂತ. ಅಜ್ಜಿ ಹತ್ತಲಾರದೆ ಹೋದ್ರು, ನಾನಾದ್ರೂ ಹತ್ತಬೇಕು." ಅವಳ ಕೈಗೆ ಆಗಲೇ ಯಾರೋ ಅರಿಶಿನ ಹಚ್ಚಿದ್ದರು. ಇಪ್ಪತ್ತೈದಿರಬಹುದು. ಇವಳು ಹುಟ್ಟುವ ಮೊದಲೇ ಆ ದಾರ ಅಲ್ಲಿತ್ತು. ಶ್ರಿಯಾಣಿ ಚಹಾ ಕುಡಿದಳು, ಬೆಲ್ಲ ಕಡಿದಳು, ಲೋಟ ಮರಳಿಸಿದಳು. ಆಮೇಲೆ ದಾರ ಬಿಚ್ಚಿ, ವೈರಿನ ತುದಿ ಕೆರೆದು, ಹೊಸ ತುಂಡು ಬೆಸೆದು ಕಾರಿನ ಮೈಗೆ ಬಿಗಿದಳು. ಯಾಕೆ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ, ದಣಿವು ಇರಬಹುದು. ಮೂವತ್ತೊಂಬತ್ತನೆಯ ವಯಸ್ಸಿಗೆ ಮೈಯಲ್ಲಿ ಹಟಕ್ಕಿಂತ ಬೆನ್ನುನೋವೇ ಜಾಸ್ತಿ. ಎಂಜಿನು ಓಡಿಸಿದರು. ಇಪ್ಪತ್ತು ನಿಮಿಷವಾದರೂ ಬಿಸಿಯ ಮುಳ್ಳು ನಡುವೆಯೇ ನಿಂತಿತ್ತು, ಪೆಟ್ರೋಲ್ ಮುಳ್ಳು ಅರ್ಧಕ್ಕಿಳಿದು ಕಡ್ಡಿಯ ಜೊತೆ ರಾಜಿಯಾಗಿತ್ತು. ಹೀನ್‌ಬಂಡ ಬಾಯಿ ತೆರೆದು ನೋಡಿದ. ಮಹತ್ತಯಾ ಕೋಲೂರಿ ಬಂದು ಕಿಟಕಿಯಿಂದ ಬಗ್ಗಿ ಬಹಳ ಹೊತ್ತು ಮುಳ್ಳನ್ನು ನೋಡಿದರು. ಅವರ ಗಂಟಲಿನಿಂದ ಏನೋ ಒಂದು ಸಣ್ಣ ದನಿ ಬಂತು. ಎಂಜಿನು ನಿಲ್ಲಿಸಲು ಹೇಳಿ, ಆಮೇಲೆ ನೆಟ್ಟಗಾಗಿ, ಹವೆಯ ವಿಷಯ ಕೇಳುವ ದನಿಯಲ್ಲಿ,

"ಹೀನ್‌ಬಂಡ, ಆಕೆಯ ಚೀಲ ಒಂದು ಸಲ ನೋಡು," ಎಂದರು.

ಹೀನ್‌ಬಂಡ ಅಲ್ಲಾಡಲಿಲ್ಲ. "ಮಹತ್ತಯಾ, ಅಕ್ಕ ಒಳ್ಳೆ..."

"ಎಲ್ಲರದ್ದೂ ನೋಡ್ತೀವಿ. ಅದು ಈ ಮನೆಯ ಪದ್ಧತಿ."

ಶ್ರಿಯಾಣಿ ತಾನೇ ಚೀಲವನ್ನು ತಲೆಕೆಳಗು ಮಾಡಿ ಪೋರ್ಟಿಕೋದ ನೆಲದ ಮೇಲೆ ಸುರಿದಳು. ಇಕ್ಕಳ, ಟೆಸ್ಟ್ ಲ್ಯಾಂಪು, ಮಗಳು ಬಳಸಿ ಬಿಟ್ಟ ಟೂತ್‌ಬ್ರಷ್, ಅನ್ನ ಕಟ್ಟಿದ ಎಲೆಯ ಪೊಟ್ಟಣ. ದಾರದ ಉಂಡೆ ಉರುಳಿ ಹೋಗಿ ಮಹತ್ತಯಾರ ಬೂಟಿಗೆ ತಗುಲಿತು. ಅವರು ಕೋಲಿನಿಂದ ಅದನ್ನು ತಿವಿದರು. "ಇದೇನು?"

"ನಮ್ಮ ಅಪ್ಪಚ್ಚಿದು. ಪುಂಚಿರಾಳ ಬಾಸ್."

"ಯಾರು?"

"ಪುಂಚಿರಾಳ ಬಾಸ್. ಈ ಕಾರಿನ ಕೆಲಸ ಮಾಡಿದ್ರು. ಇಲ್ಲೇ."

ಮಹತ್ತಯಾ ನಿಜವಾಗಿ ಯೋಚಿಸಿದರು. ಹುಬ್ಬು ಗಂಟಿಕ್ಕಿ, ಪ್ರಾಮಾಣಿಕವಾಗಿ ಹುಡುಕಿದರು. ಆ ಪ್ರಾಮಾಣಿಕತೆ ಶರ್ಟು ಬಿಚ್ಚಿಸಿದ್ದಕ್ಕಿಂತ ಕೆಟ್ಟದಾಗಿತ್ತು. "ನೆನಪಿಲ್ಲಮ್ಮ," ಎಂದರು. "ಎಷ್ಟೋ ಜನ ಬಂದು ಹೋಗ್ತಾರೆ."

"ಒಂದು ಸ್ಕ್ರೂ ಬಿಗಿ ಮಾಡೋದಿದೆ," ಎಂದು ಶ್ರಿಯಾಣಿ ಇಕ್ಕಳವನ್ನೂ ದಾರವನ್ನೂ ಎತ್ತಿಕೊಂಡು ಮತ್ತೆ ಕಾರಿನೊಳಗೆ ತೂರಿದಳು. ರೆಸಿಸ್ಟರ್ ಬೇಕಾಗಲಿಲ್ಲ, ಅದು ಕುಪ್ಪಸದೊಳಗೇ ಬೆವರಿನಲ್ಲಿ ನೆಂದಿತ್ತು. ಹೊಸ ಬೆಸುಗೆಯ ಹಿಂದೆ ವೈರನ್ನು ಕತ್ತರಿಸಿದಳು. ತುದಿ ಮಡಚಿದಳು. ಟಕ್ ಟಕ್ ಕೇಳುತ್ತ, ಅವಸರವಿಲ್ಲದೆ ಸುತ್ತಿದಳು. ಏಳು. ಕೊನೆಯ ಎಳೆ ಐದನೆಯ ಸುತ್ತಿನ ಅಡಿಗೆ. ಹೊರಡುವಾಗ ಹೀನ್‌ಬಂಡ ಗೇಟಿನ ತನಕ ಓಡಿಬಂದು ತಲೆ ತಗ್ಗಿಸಿ ಅವಳ ಕೈಗೆ ಒಂದು ಚಿಪ್ಪು ಕೋಲಿಕುಟ್ಟು ಬಾಳೆ ಇಟ್ಟ. "ಮಹತ್ತಯಾ ಕೊಟ್ಟರು." ಅವಳು ತೆಗೆದುಕೊಂಡಳು. "ಟ್ಯಾಂಕು ತುಂಬ್ಸಿಕೊಂಡೇ ಹೋಗಿ ಅಯ್ಯಾ. ಏನಾದ್ರೂ ಆದ್ರೆ ನನಗೆ ಫೋನ್ ಮಾಡಿ," ಎಂದಳು. ಅದನ್ನು ಯಾಕೆ ಹೇಳಿದಳು ಎಂಬುದೂ ಅವಳಿಗೆ ಗೊತ್ತಿಲ್ಲ. ಕಾರು ನಿಂತದ್ದನ್ನು ಕಿವಿಯಾರೆ ಕೇಳಿಸಿಕೊಳ್ಳುವ ಆಸೆಯಿಂದ ಇರಬೇಕು.

ಗುರುವಾರ ಅವಳು ಅಂಗಡಿ ತೆರೆಯಲಿಲ್ಲ. ಮಗಳು ದಿನೂಷಿ ಶಾಲೆಗೆ ಚಕ್ಕರ್ ಹಾಕಲು ಹೊಟ್ಟೆನೋವೆಂದು ಹೇಳಿ ಮಲಗಿದವಳು ಎಂಟು ದಾಟುತ್ತಲೇ ಚೇತರಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದಳು. ಬೈಯುವ ಶಕ್ತಿಯೂ ಶ್ರಿಯಾಣಿಗೆ ಇರಲಿಲ್ಲ. ಗಡಿಯಾರದ ಎದುರು ಕೂತು ಅವಳು ದಾರಿಯನ್ನು ಎಣಿಸುತ್ತಿದ್ದಳು: ಈಗ ಮಾವನೆಲ್ಲದ ಪೇಟೆ, ಈಗ ಸೇತುವೆ, ಈಗ ಏರಿನ ಬುಡ. ಎಂಟು ಐವತ್ತಕ್ಕೆ ಫೋನು ಹೊಡೆಯಿತು.

"ಅಕ್ಕಾ, ಕೆಂಪಿಗೆ ಬಂತು!" ಹೀನ್‌ಬಂಡನ ದನಿ ಅಳುವ ಹಾಗಿತ್ತು. ಹಿಂದೆ ಬಸ್ಸುಗಳು ಗೇರು ಇಳಿಸುವ ಸದ್ದು. "ಏರಿನ ಅರ್ಧದಲ್ಲಿದ್ದೀವಿ, ಹಣ್ಣಿನ ಅಂಗಡಿಗಳ ಹತ್ರ. ಜನ ಸೇರಿದ್ದಾರೆ, ಒಬ್ಬ ಬೆಣ್ಣೆಹಣ್ಣು ಮಾರೋಕೇ ಬಂದುಬಿಟ್ಟ. ನೆಂಟರ ವ್ಯಾನು ಮುಂದೆ ಹೋಗಿಬಿಡ್ತು. ಬೇರೆ ಗಾಡಿ ಹಿಡಿಯೋಣ ಅಂದ್ರೆ, ಮನೆಯಿಂದ ಹತ್ತಿದ ಕಾರನ್ನ ದಾರೀಲಿ ಬದಲಿಸಬಾರದು ಅಂತ ಮಹತ್ತಯಾ. ಒಂದು ಗಂಟೆ ಆರಿಸ್ಬೇಕಂತೆ. ನೆಕತ್ತು ಹೋಯ್ತು ಅಕ್ಕಾ, ನಮ್ಮ ಉಪೇಕ್ಷಾ ಬೇಬಿ ಅಳ್ತಿದ್ದಾರೆ."

ಆರಲಿ ಬಿಡಿ ಎಂದರೆ ಸಾಕಿತ್ತು. ಎರಡು ಪದ. ಇಪ್ಪತ್ತೇಳು ವರ್ಷ ಅವಳು ಈ ಎರಡು ಪದಗಳಿಗಾಗಿಯೇ ಬದುಕಿದ ಹಾಗಿತ್ತು, ನಾಲಗೆಯ ತುದಿಯಲ್ಲೇ ಇದ್ದವು. ದಿನೂಷಿ ಎರಡನೆಯ ಹಣ್ಣಿಗೆ ಕೈ ಹಾಕುತ್ತ, "ಯಾರಮ್ಮ ಕೊಟ್ಟಿದ್ದು? ಎಷ್ಟು ಸಿಹಿ ಇದೆ," ಎಂದಳು. ಶ್ರಿಯಾಣಿ ಮಗಳ ಬಾಯನ್ನೇ ನೋಡಿದಳು.

"ಮಹತ್ತಯಾಗೆ ಫೋನ್ ಕೊಡಿ," ಎಂದಳು.

"ಹೇಳಮ್ಮ," ಎಂದಿತು ಮುದಿ ದನಿ. ಹವೆಯ ವಿಷಯ ಕೇಳುವ ದನಿಯಲ್ಲ ಇದು.

"ಎಂಜಿನ್ ಆಫ್ ಮಾಡಿ ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ."

"ಮುಳ್ಳು ನಿಜ ಹೇಳುತ್ತಾ ಸುಳ್ಳು ಹೇಳುತ್ತಾ ನೋಡ್ಬೇಕು. ರೇಡಿಯೇಟರಿನ ಕೆಳಗಿನ ಪೈಪು ಹಿಡೀಬೇಕು. ಹೀನ್‌ಬಂಡ ಅಲ್ಲ, ನೀವೇ. ನಿಮ್ಮ ಕಾರು, ನಿಮ್ಮ ಕೈಗೇ ಗೊತ್ತಾಗೋದು. ಕೋಟು ಬಿಚ್ಚಿ, ಎಣ್ಣೆ ತಗಲುತ್ತೆ. ಶರ್ಟಿಗೂ ತಗಲುತ್ತೆ, ಅದನ್ನೂ ಬಿಚ್ಚಿ."

"ಇಲ್ಲಿ ಜನ ಇದ್ದಾರಮ್ಮ."

"ಇರಲಿ. ಬಿಚ್ಚಿ. ಕಾರಿನ ಮುಂದೆ ಮೊಳಕಾಲೂರಿ. ಪೈಪು ಹಿಡಿದು ಹತ್ತು ಎಣಿಸಿ, ನನಗೆ ಕೇಳೋ ಹಾಗೆ ಜೋರಾಗಿ. ಎಣಿಸೋಕಾಗಲಿಲ್ಲ ಅಂದ್ರೆ ಕುದೀತಿದೆ ಅಂತ, ಅಲ್ಲೇ ನಿಂತುಬಿಡಿ."

ಬಟ್ಟೆಯ ಸರಸರ. ಯಾರೋ ನಕ್ಕರು, ಯಾರೋ ಗದರಿದರು. ಉಸಿರು ಹತ್ತಿರವಾಯಿತು, ಕೆಳಗಾಯಿತು.

"ಒಂದು," ಎಂದರು ಮಹತ್ತಯಾ. "ಎರಡು. ಮೂರು." ಶ್ರಿಯಾಣಿ ಕಣ್ಣು ಮುಚ್ಚಿದಳು. ದನಿ ಆರನ್ನು ದಾಟಿತು. ಏಳರ ನಂತರ ಒಂದು ಕ್ಷಣ ನಿಂತಿತು. ಆಮೇಲೆ ಎಂಟು, ಒಂಬತ್ತು, ಹತ್ತು.

"ಕೈ ಸುಡ್ತಾ?"

"ಇಲ್ಲ." ಎಂದರು ಮಹತ್ತಯಾ. "ಸ್ವಲ್ಪ ಬೆಚ್ಚಗಿದೆ ಅಷ್ಟೆ."

"ಮುಳ್ಳು ಸುಳ್ಳು ಹೇಳ್ತಿದೆ ಮಹತ್ತಯಾ. ಇಪ್ಪತ್ತೇಳು ವರ್ಷದಿಂದ ಹೇಳ್ತಿದೆ. ಅದರ ಮುಖ ನೋಡದೆ ಹೋಗಿ."

"ಹಾಗಾದ್ರೆ ಆವತ್ತೂ..." ಎಂದರು ಅವರು. ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. "ಹಾಮಿನೇ ಇದ್ದಾಗ, ಆವತ್ತೂ..."

"ಆವತ್ತೂ," ಎಂದು ಶ್ರಿಯಾಣಿ ಫೋನು ಇಟ್ಟಳು.

ಹುಡುಗಿ ಒಂಬತ್ತು ಗಂಟೆ ಮೂವತ್ತೊಂದು ನಿಮಿಷಕ್ಕೆ ಪೇರಾದೆಣಿಯ ಮುಟ್ಟಿದಳೆಂದು ಮಧ್ಯಾಹ್ನ ಹೀನ್‌ಬಂಡ ಹೇಳಿದ. ಕಾರು ಕಡುಗಣ್ಣಾವದ ಏರಿನ ನಟ್ಟನಡುವೆ ಹತ್ತೊಂಬತ್ತು ನಿಮಿಷ ನಿಂತಿತ್ತು. ಶ್ರಿಯಾಣಿ ಕೊಟ್ಟ ಮಾತು ಉಳಿಯಿತು.